ತಂಗಿಯ ಹಾಡಿಗೆ ವನ್ಸ್ ಮೋರ್

ಧಾರವಾಡದ ಮಂದಿ ನಾಟಕ ನೋಡಲು ಹೋಗುವುದಿಲ್ಲ, ಪಂಚನಾಮೆ ಮಾಡಲು ಹೋಗುತ್ತಾರೆ. ಹೀಗೆ ಹೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ. ಬರಲಿ. ನಾನೂ ಇದೇ ಊರಿನವಳು, ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು, ನನಗೆ ಯಾರ ಭಿಡೆಯೂ ಇಲ್ಲ. ಪರದೆ ಬಿದ್ದು ಚಪ್ಪಾಳೆ ಮುಗಿಯುವ ಮೊದಲೇ ನಮ್ಮ ಮೂರನೇ ಸಾಲಿನವರ ನಾಲಿಗೆ ತುರಿಸತೊಡಗುತ್ತದೆ. ರಂಗಮಂದಿರದ ಹಿಂದಿನ ಚಹಾದಂಗಡಿಗೆ ಹೋಗಿ, ಗಿರ್ಮಿಟ್ಟು ಮಿರ್ಚಿ ತರಿಸಿಕೊಂಡು, ನಾಟಕವನ್ನು ಮೇಜಿನ ಮೇಲೆ ಮಲಗಿಸಿ ಕೊಯ್ಯಲು ಕೂಡುತ್ತಾರೆ. ಅದಕ್ಕೆ ಜೀವ ಇದೆಯೋ ಇಲ್ಲವೋ ಎಂದು ಮೊದಲು ನೋಡುವ ಪದ್ಧತಿ ಇಲ್ಲ.

ನಮ್ಮ ಗುಂಪಿನಲ್ಲಿ ನಾಲ್ವರು. ಒಬ್ಬರು ವಕೀಲರು, ಕೋರ್ಟಿನಲ್ಲಿ ಸೋತದ್ದನ್ನು ಚಹಾದಂಗಡಿಯಲ್ಲಿ ಗೆದ್ದುಕೊಳ್ಳುವವರು. ಇನ್ನೊಬ್ಬರು ಹುಬ್ಬಳ್ಳಿ ಕೇಶ್ವಾಪುರದ ಹತ್ತಿ ಸಾಹುಕಾರರು. ಹಳೆಯ ಕಂಪನಿ ನಾಟಕಗಳ ಪದಗಳೆಲ್ಲ ಅವರಿಗೆ ಬಾಯಿಪಾಠ, ಹೊಸ ನಾಟಕ ಒಂದೂ ಸೇರುವುದಿಲ್ಲ. ಆದರೂ ಪ್ರತಿ ಹೊಸ ನಾಟಕಕ್ಕೂ ಹುಬ್ಬಳ್ಳಿಯಿಂದ ಬಂದು ಕೂಡುತ್ತಾರೆ, ಸೇರಲಿಲ್ಲ ಎಂದು ಹೇಳಬೇಕಲ್ಲ. ಮೂರನೆಯವರು ನನ್ನ ತಂಗಿಯ ಗಂಡ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದವರು. ನಾಲ್ಕನೆಯವಳು ನಾನು. ಅಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ. ಮೂವರು ಗಂಡಸರು ಒಂದೇ ಸಲಕ್ಕೆ ಮಾತಾಡುವಾಗ ನಾಲ್ಕನೆಯವಳಿಗೆ ಗಿರ್ಮಿಟ್ಟು ತಿನ್ನುವುದೇ ಲಾಭ.

ಹೊಸ ಸಂಗೀತ ನಾಟಕ ಬಂತು. ಮುತ್ತಿಗೆಯಲ್ಲಿ ಸಿಕ್ಕ ಒಂದು ಸಣ್ಣ ಕೋಟೆಯ ರಾಣಿ, ಬೆಳಗಾದರೆ ಬೀಗದ ಕೈ ಶತ್ರುಗಳಿಗೆ ಒಪ್ಪಿಸಬೇಕು. ಅದಕ್ಕೆ ಮೊದಲು ಖಾಲಿ ದರ್ಬಾರಿನಲ್ಲಿ ನಿಂತು ಒಂದು ಪದ ಹಾಡುತ್ತಾಳೆ. ಇಡೀ ನಾಟಕ ಆ ಒಂದು ಪದದ ಮೇಲೆ ನಿಂತಿತ್ತು. ರಾಣಿಯ ಪಾತ್ರ ನನ್ನ ತಂಗಿಯದು.

ತಂಗಿ ಮದುವೆಗೆ ಮುಂಚೆ ಊರಿನ ಹವ್ಯಾಸಿ ನಾಟಕಗಳಲ್ಲಿ ಹಾಡುತ್ತಿದ್ದಳು. ಆಮೇಲೆ ಸಂಸಾರ, ಆಮೇಲೆ ಗಂಟಲಿನ ಗಂಟಿನ ಆಪರೇಶನ್ನು. ದನಿ ಪೂರ್ತಿ ಹೋಯಿತೆಂದೇ ನಾವೆಲ್ಲ ತಿಳಿದಿದ್ದೆವು. ಅವಳು ತಿಳಿಯಲಿಲ್ಲ. ಬಾಯಲ್ಲಿ ಜ್ಯೇಷ್ಠಮಧು ಇಟ್ಟುಕೊಂಡು, ಮನೆಯಲ್ಲಿ ಮಾತು ಕಡಿಮೆ ಮಾಡಿ, ಒಂದೊಂದೇ ಸ್ವರವನ್ನು ಮರಳಿ ಗಳಿಸಿದಳು. ಕೆಳಗಿನ ಸ್ವರಗಳು ಮೊದಲಿಗಿಂತ ದಟ್ಟವಾಗಿ ಬಂದವು. ಮೇಲಿನ ಸಾ ಮಾತ್ರ ಹಟಮಾರಿ. ಒಮ್ಮೆ ಮುಟ್ಟಿದರೆ ಆ ದಿನಕ್ಕೆ ಮುಗಿಯಿತು, ಎರಡನೇ ಸಲ ಕರೆದರೆ ಬರುತ್ತಿರಲಿಲ್ಲ. ನಾಟಕದಲ್ಲಿ ಅದು ಒಮ್ಮೆಯೇ ಬರುವಂತೆ ನಿರ್ದೇಶಕನಿಗೆ ಹೇಳಿ ಪದವನ್ನು ಕಟ್ಟಿಸಿಕೊಂಡಿದ್ದಳು. ಇದು ನನಗೆ ಗೊತ್ತಿತ್ತು. ಅವಳ ಗಂಡನಿಗೂ ಗೊತ್ತಿತ್ತು.

ಮೊದಲ ಪ್ರಯೋಗದಲ್ಲಿ ಅವಳು ಆ ಸಾ ಹಿಡಿದು ನಿಂತಾಗ ನನ್ನ ಕಣ್ಣು ತುಂಬಿ ಬಂತು. ನಾಟಕ ಮುಗಿಯಿತು. ಹೊರಗೆ ಬಂದು ಚಹಾದಂಗಡಿಯಲ್ಲಿ ಕೂತೆವು. ವಕೀಲರು ಮಿರ್ಚಿಯ ತುದಿ ಮುರಿದರು.

"ಪದಾ ಛಲೋ ಐತಿ, ಒಪ್ಪಿದೆ. ಆದ್ರ ಹಾಡಿದ್ದು ನಿಮ್ಮನಿ ಬಾಯಾರಲ್ಲ, ಸರ್. ಗಲ್ಲಕ್ಕ ಮೈಕ್ ಅಂಟಿಸ್ಯಾರ, ಹಿಂದ ಕಂಪ್ಯೂಟರ್ ಇಟ್ಟಾರ. ಮೊದ್ಲ ರೆಕಾರ್ಡ್ ಮಾಡಿದ್ದು ಅದು. ಇವರು ತುಟಿ ಅಲಗಾಡಿಸ್ಯಾರ."

ಸಾಹುಕಾರರು ತಲೆಯಾಡಿಸಿದರು. "ನನಗೂ ಹಂಗ ಅನಿಸ್ತ್ರಿ. ಐವತ್ತು ದಾಟಿದ ಹೆಣ್ಮಗಳು, ಅದರಾಗೂ ಗಂಟಲಾ ಕೊಯ್ಸಿಕೊಂಡಾಕಿ. ಅಷ್ಟು ಹೊತ್ತು ಸಾ ಹಿಡದು ನಿಂದ್ರೂದು ಆಗೂ ಮಾತಲ್ಲ. ನಮ್ಮ ಕಾಲದಾಗ ಮೈಕಿಲ್ದ ಕಟ್ಟಕಡೀ ಸಾಲಿನವನ ಕಿವೀಗೂ ಮುಟ್ಟತಿತ್ತು ಬಿಡ್ರಿ."

ಹೆಂಡತಿಯ ಕೊಯ್ದ ಗಂಟಲನ್ನು ಗಂಡನೆದುರು, ಅಕ್ಕನೆದುರು ಹೀಗೆ ತಟ್ಟೆಯಲ್ಲಿಟ್ಟು ಮಾತಾಡುತ್ತಿದ್ದರು. ಅವರಿಗೆ ಇದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ನಾಟಕದ ವಿಷಯ ಬಂದರೆ ನಮ್ಮ ಊರಿನಲ್ಲಿ ಎಲ್ಲವೂ ಮಾಫಿ.

ತಂಗಿಯ ಗಂಡನ ಮುಖ ಕೆಂಪಾಯಿತು. "ಖರೇನ ಹಾಡ್ಯಾಳ್ರಿ. ನಾ ಆಣಿ ಮಾಡಿ ಹೇಳತೇನಿ."

"ಗಂಡನ ಸಾಕ್ಷಿಗೆ ಬೆಲಿ ಇಲ್ರಿ ಸರ್," ವಕೀಲರು ನಕ್ಕರು. "ಪರೀಕ್ಷಾ ಮಾಡೂಣು. ನಾಳೆ ಎರಡನೇ ಪ್ರಯೋಗ ಐತಲ್ಲ, ವನ್ಸ್ ಮೋರ್ ಹೊಡೀರಿ. ಮಷಿನ್ ಆದ್ರ ಎರಡೂ ಸಲ ಒಂದ ನಮೂನಿ ಬರತೈತಿ. ಮನಷ್ಯಾರಾದ್ರ ಫರಕ್ ಆಗಬೇಕು. ನೀವು ರಸಾಯನಶಾಸ್ತ್ರದವರು, ನಿಮಗ ನಾ ಏನ್ ಹೇಳೂದು?"

ನಮ್ಮ ಕಡೆ ವನ್ಸ್ ಮೋರ್ ಎಂಬುದು ಅಪ್ಪಣೆ. ಪ್ರೇಕ್ಷಕ ಕೂಗಿದನೆಂದರೆ ನಟ ಮತ್ತೆ ಹಾಡಲೇಬೇಕು. ಹಿಂದೆ ಕಂಪನಿ ನಾಟಕಗಳಲ್ಲಿ ಸತ್ತು ಬಿದ್ದ ನಾಯಕ ಕೂಡ ಎದ್ದು ಧೂಳು ಕೊಡವಿ, ಹಾಡಿ, ಮತ್ತೆ ಸಾಯುತ್ತಿದ್ದನಂತೆ. ಹಾಡಲಾರೆ ಎಂದರೆ ಅವನ ಮರ್ಯಾದೆ ಅಲ್ಲಿಗೆ ಮುಗಿಯಿತು. ಹೊಸ ಹುಡುಗರ ನಾಟಕಗಳಲ್ಲಿ ಈ ರೂಢಿ ಸತ್ತುಹೋಗಿತ್ತು, ಅದನ್ನೇ ನಂಬಿಕೊಂಡು ತಂಗಿ ಪಾತ್ರ ಒಪ್ಪಿದ್ದಳು.

ಹೊರಡುವಾಗ ನಾನು ತಂಗಿಯ ಗಂಡನನ್ನು ತಡೆದು ನಿಲ್ಲಿಸಿದೆ. "ಅಂಥಾದ್ದೇನೂ ಮಾಡಬ್ಯಾಡ್ರಿ. ಅಕಿಗೆ ಆ ಸಾ ಒಮ್ಮೆ ಅಷ್ಟ ಸಿಗತದ. ನಿಮಗೂ ಗೊತ್ತದ."

"ನೀವು ಸುಮ್ನಿರ್ರಿ ಅಕ್ಕಾರ. ಇದು ಮರ್ಯಾದಿ ಪ್ರಶ್ನಿ."

ಯಾರ ಮರ್ಯಾದೆ ಎಂದು ಕೇಳಿದೆ. ಅವರು ಸ್ಕೂಟರಿನ ಕಿಕ್ ಹೊಡೆದರು.

ಮರುದಿನ ಬೆಳಿಗ್ಗೆ ತಂಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ನಕ್ಕುಬಿಟ್ಟಳು. "ಅವರು ಹಂಗ ಮಾಡೂದಿಲ್ಲಕ್ಕಾ. ಆಪರೇಶನ್ ಆದ ಮ್ಯಾಲೆ ನನ್ನ ಬಾಜೂಕ ಕೂತವರು ಅವರ. ನೀ ಸುಮ್ನ ಚಿಂತಿ ಮಾಡ್ತಿ." ಅವಳ ನಂಬಿಕೆ ಕೇಳಿ ನನಗೆ ಸ್ವಲ್ಪ ಸಮಾಧಾನವೂ ಆಯಿತು. ಮೂವತ್ತು ವರ್ಷ ಬಾಳುವೆ ಮಾಡಿದವಳಿಗೆ ನನಗಿಂತ ಹೆಚ್ಚು ಗೊತ್ತಿರಬೇಕಲ್ಲ.

ಸಂಜೆ ಅದೇ ಮೂರನೇ ಸಾಲು. ರಾಣಿ ಖಾಲಿ ದರ್ಬಾರಿಗೆ ಬಂದಳು, ಪದ ಎತ್ತಿದಳು. ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಸ್ವರ ಏರಿ ಮೇಲಿನ ಸಾ ಮುಟ್ಟಿ ನಿಂತಳು. ಮೊದಲ ದಿನಕ್ಕಿಂತ ಚೆನ್ನಾಗಿತ್ತು. ಹಾರ್ಮೋನಿಯಂ ನಿಂತು ಇನ್ನೂ ಚಪ್ಪಾಳೆ ಏಳಬೇಕು, ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ದನಿ ಎದ್ದಿತು.

"ವನ್ಸ್ ಮೋರ್!"

ನಾನು ತಂಗಿಯ ಗಂಡನ ಅಂಗಿ ಹಿಡಿದು ಜಗ್ಗಿದೆ. ಅವರು ಕೈ ಕೊಸರಿಕೊಂಡು ಎದ್ದು ನಿಂತು ಮತ್ತೆ ಕೂಗಿದರು. ವಕೀಲರು ಕೂಗಿದರು, ಸಾಹುಕಾರರು ಕೂಗಿದರು, ಆಮೇಲೆ ಇಡೀ ಸಭಾಗೃಹವೇ ಕೂಗಿತು. ತಂಗಿ ಮೂರನೇ ಸಾಲಿನ ಕಡೆ ನೋಡಿದಳು. ಕಣ್ಣಿಗೆ ದೀಪ ಹೊಡೆಯುತ್ತಿತ್ತು, ಮುಖ ಕಂಡಿರಲಿಕ್ಕಿಲ್ಲ. ಮೊದಲು ಕೂಗಿದವರು ಯಾರೆಂದು ತಿಳಿಯಲು ಅವಳಿಗೆ ಮುಖ ಬೇಕಾಗಿರಲಿಲ್ಲ. ಹಾರ್ಮೋನಿಯಂನವರಿಗೆ ಸನ್ನೆ ಮಾಡಿ ಮತ್ತೆ ಎತ್ತಿದಳು.

ಸಾ ಒಡೆಯಿತು. ಹಳೆಯ ಸೀರೆ ಹರಿದಂಥ ಸದ್ದು ಬಂತು, ಅದರ ಹಿಂದೆ ಗಾಳಿ ಮಾತ್ರ. ಹಿಂದಿನ ಸಾಲುಗಳಲ್ಲಿ ಯಾರೋ ನಕ್ಕರು. ರಾಣಿ ಬಾಯಿ ತೆರೆದುಕೊಂಡೇ ನಿಂತಿದ್ದಳು.

ವಕೀಲರು ತೊಡೆ ತಟ್ಟಿಕೊಂಡರು. "ಸೋತೆ ಸರ್, ಸೋತೆ! ಖರೇನ ಹಾಡ್ಯಾರ!" ತಂಗಿಯ ಗಂಡ ಅವರನ್ನು ತಬ್ಬಿಕೊಂಡರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಬೆಕ್ಕುಗಳು ಒಂದನ್ನೊಂದು ಅಭಿನಂದಿಸುತ್ತಿದ್ದವು. ನನಗೆ ಶಾಲೆಯ ಬೆತ್ತ ನೆನಪಾಯಿತು, ಸುಳ್ಳು ಹೇಳುವುದಿಲ್ಲ.

ನಾಟಕ ಮುಗಿದ ಕೂಡಲೇ ನಾನೂ ಅವಳ ಗಂಡನೂ ಒಳಗೆ ಹೋದೆವು. ತಂಗಿ ರಾಣಿಯ ವೇಷದಲ್ಲೇ ಕುರ್ಚಿಯಲ್ಲಿ ಕೂತಿದ್ದಳು. ಗಂಡ ಬಾಗಿಲಿನಿಂದಲೇ ಹೇಳಿದರು: "ಗೆದ್ವಿ! ವಕೀಲರು ಬಾಯಿ ಮುಚ್ಚಿದರು." ಅವಳು ಏನೋ ಹೇಳಲು ಹೋದಳು, ದನಿ ಹೊರಡಲಿಲ್ಲ. ಅವರು ಬೆನ್ನು ತಟ್ಟಿ, ಚಹಾ ಆರುತ್ತದೆ ಎಂದು ಹೊರಟುಹೋದರು. ನಾನು ಅವಳ ಕಿರೀಟ ಬಿಚ್ಚಿದೆ, ಮುಖದ ಬಣ್ಣ ಒರೆಸಿದೆ. ಅವಳನ್ನು ಮನೆಗೆ ಒಯ್ಯಲು ಗಂಡನನ್ನು ಕರೆತರಲೆಂದು ಚಹಾದಂಗಡಿಗೆ ಹೋದರೆ ಅಲ್ಲಿ ತೀರ್ಪು ಮುಂದುವರಿದಿತ್ತು.

"ಖರೇ ಹಾಡಿದರು, ಬರೋಬ್ಬರಿ," ಸಾಹುಕಾರರು ಹೇಳುತ್ತಿದ್ದರು. "ಆದ್ರ ಏನ್ ಉಪಯೋಗ ಆತ್ರಿ? ಕೆಟ್ಟ ಹಾಡಿದರು. ಇದಕ್ಕಿಂತ ಮಷಿನ್ ಹಾಡಿದ್ರ ಛಲೋ ಆಗತಿತ್ತು."

"ಅದು ಬ್ಯಾರೆ ಮಾತು," ಎಂದರು ತಂಗಿಯ ಗಂಡ. "ಮಷಿನ್ ಅಲ್ಲ ಅನ್ನೂದು ಸಾಬೀತಾತಲ್ಲ?"

ತಂಗಿ ಎಷ್ಟೋ ದಿನ ಪಿಸುಮಾತಿನಲ್ಲೇ ಇದ್ದಳು. ಆಮೇಲೆ ಮಾತು ಬಂತು, ಆದರೆ ಡಾಕ್ಟರು ಹಾಡಬೇಡಿ ಎಂದರು. ಹುಬ್ಬಳ್ಳಿಯ ಪ್ರಯೋಗ ಮೊದಲೇ ನಿಗದಿಯಾಗಿತ್ತು, ನಿರ್ದೇಶಕ ಅದನ್ನು ಬಿಡಲು ತಯಾರಿರಲಿಲ್ಲ. ಸಂಗೀತ ಕಲಿಯುವ ಒಬ್ಬ ಹುಡುಗಿಯಿಂದ ಆ ಪದ ಹಾಡಿಸಿ ರೆಕಾರ್ಡ್ ಮಾಡಿಟ್ಟುಕೊಂಡ. ತಂಗಿ ತುಟಿ ಆಡಿಸಿದರೆ ಸಾಕು. ವಕೀಲರು ಹೊರಿಸಿದ ಸುಳ್ಳು ಆರೋಪವನ್ನು ನಿಜ ಮಾಡಿದ್ದು ಅವರದೇ ಪರೀಕ್ಷೆ. ನನಗೆ ಮೈಯೆಲ್ಲ ಉರಿಯಿತು. ಪಾತ್ರ ಬಿಟ್ಟುಬಿಡು ಎಂದೆ.

ತಂಗಿ ಒಪ್ಪಲಿಲ್ಲ. ಪ್ರಯೋಗದ ದಿನ, ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತ, ಮೆಲ್ಲಗೆ ಹೇಳಿದಳು: "ನಮ್ಮ ಮನಿಯವರಿಗೆ ನಾ ಏನೂ ಹೇಳಿಲ್ಲ. ನೀನೂ ಹೇಳಬ್ಯಾಡ. ಊರ ಮಂದೀಗೆ ತಿಳೀದಿದ್ರ ಬಿಡ್ಲಿ. ಇದು ನಾ ಅಲ್ಲ ಅಂತ ಅವರಿಗೆ ತಿಳೀತದೇನ ನೋಡಬೇಕಾಗೇದ ನನಗ. ಅಷ್ಟ ಸಾಕು." ನನಗೆ ಹೆದರಿಕೆಯಾಯಿತು. ಉತ್ತರ ಏನು ಬರುತ್ತದೆಂದು ನನಗೆ ಆಗಲೇ ಅನುಮಾನ ಇತ್ತು.

ಅದು ಭಾನುವಾರ ಮಧ್ಯಾಹ್ನದ ಪ್ರಯೋಗ. ರಾಣಿ ಬಂದಳು, ಬಾಯಿ ತೆರೆದಳು. ಇಪ್ಪತ್ತರ ಹುಡುಗಿಯ ನುಣುಪಾದ ದನಿ ಸಭಾಗೃಹದ ತುಂಬ ಹರಡಿತು. ಒಂದು ಸ್ವರದಲ್ಲೂ ನನ್ನ ತಂಗಿ ಇರಲಿಲ್ಲ. ನಾನು ಪದ ಕೇಳಲಿಲ್ಲ, ಪಕ್ಕದಲ್ಲಿದ್ದ ಅವಳ ಗಂಡನ ಮುಖವನ್ನೇ ನೋಡುತ್ತ ಕೂತೆ. ಹುಬ್ಬು ಗಂಟಿಕ್ಕುತ್ತದೆಯೇ, ತಲೆ ಓರೆಯಾಗುತ್ತದೆಯೇ, ನನ್ನ ಕಡೆ ತಿರುಗಿ ಇದೇನು ಎಂದು ಕೇಳುತ್ತಾರೆಯೇ? ಸಾ ಬಂದು ನಿಂತಾಗ ಅವರ ಕಣ್ಣಿಂದ ನೀರು ಇಳಿಯಿತು. "ಕೇಳಿದ್ರೇನ್ರಿ ಅಕ್ಕಾರ?" ಅಂದರು. "ದನಿ ಬಂತು. ಅಕಿ ದನಿ ತಿರುಗಿ ಬಂತು."

ಈ ಸಲ ವನ್ಸ್ ಮೋರ್ ಕೂಗಿದವರು ಸಾಹುಕಾರರು. ಪರದೆಯ ಹಿಂದಿನವರು ಮತ್ತೆ ಅದೇ ರೆಕಾರ್ಡ್ ಹಚ್ಚಿದರು, ಅದೇ ಉಸಿರು, ಅದೇ ಸಾ, ಕೂದಲೆಳೆಯಷ್ಟೂ ಫರಕಿಲ್ಲ. ತಂಗಿ ತುಟಿ ಆಡಿಸುತ್ತ ಮೂರನೇ ಸಾಲಿನ ಕಡೆ ನೋಡುತ್ತಲೇ ಇದ್ದಳು. ಅವಳ ಗಂಡ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದರು. ವಕೀಲರು ನನ್ನ ಕಿವಿಯ ಹತ್ತಿರ ಬಾಗಿದರು. "ಎರಡೂ ಸಲ ತೂಗಿ ಇಟ್ಟಂಗ ಒಂದ ನಮೂನಿ! ಸಾಧನಾ ಅಂದ್ರ ಇದು ನೋಡ್ರಿ ಬಾಯಾರ." ತಾವೇ ಒಡ್ಡಿದ ಪರೀಕ್ಷೆ ಅವರಿಗೆ ಮರೆತುಹೋಗಿತ್ತು. ನನಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಬಿಸಿಲು ಇನ್ನೂ ಇರುವಾಗಲೇ ಧಾರವಾಡಕ್ಕೆ ಹೊರಟೆವು. ತಂಗಿಯ ಗಂಡ ಕಾರು ನಡೆಸುತ್ತಿದ್ದರು, ನಾವಿಬ್ಬರೂ ಹಿಂದೆ. ಅವರ ಬಾಯಿಗೆ ಬಿಡುವಿರಲಿಲ್ಲ. ವಕೀಲರು ಹೀಗೆಂದರು, ಸಾಹುಕಾರರು ಹಾಗೆಂದರು, ಇಡೀ ಹುಬ್ಬಳ್ಳಿ ಕೈಮುಗಿಯಿತು. ರಾಯಾಪುರ ಬಂದಾಗ, "ಆ ಪದಾ ಇಲ್ಲೊಮ್ಮೆ ಅನ್ನು ನೋಡೂಣು, ನಮ್ಮಷ್ಟಕ್ಕ," ಎಂದರು.

ಡಾಕ್ಟರು ಏನು ಹೇಳಿದ್ದಾರೆ ಎಂದು ನಾನು ಬಾಯಿ ಹಾಕುವಷ್ಟರಲ್ಲಿ ತಂಗಿ ಹಾಡಲು ಶುರು ಮಾಡಿದ್ದಳು. ಮೆಲ್ಲಗೆ, ಕೆಳಗಿನ ಸ್ವರಗಳಲ್ಲಿ. ಒರಟಾಗಿದ್ದರೂ ಅದು ಅವಳದೇ ದನಿ, ಆಪರೇಶನ್ನು, ಬಾಳುವೆ ಎಲ್ಲ ಅದರೊಳಗಿತ್ತು. ಅದಕ್ಕಿಂತ ಚೆನ್ನಾಗಿ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ಮೇಲಕ್ಕೆ ಹೋಗುತ್ತ ದನಿ ತೆಳ್ಳಗಾಯಿತು, ನಡುಗಿತು, ಆದರೂ ಅವಳು ಬಿಡಲಿಲ್ಲ. ಕನ್ನಡಿಯಲ್ಲಿ ಗಂಡನ ಕಣ್ಣುಗಳನ್ನೇ ನೋಡುತ್ತ ಹಾಡಿದಳು.

ಅವರು ಕೈ ಅಡ್ಡ ಮಾಡಿದರು. "ಸಾಕು ಬಿಡು, ದಣದೀದಿ. ಮಧ್ಯಾಹ್ನ ಕೇಳಿದ ದನೀನ ಕಿವ್ಯಾಗ ಇರ್ಲಿ."

ತಂಗಿ ಅಲ್ಲಿಗೇ ನಿಲ್ಲಿಸಿದಳು. "ಹೌದ್ರಿ," ಎಂದಳು, "ಆ ದನೀನ ಛಲೋ ಇತ್ತು."

ಅವರು ಖುಷಿಯಿಂದ ಆ ಪದವನ್ನು ತಾವೇ ಗುನುಗುತ್ತ ಧಾರವಾಡದವರೆಗೆ ಕಾರು ಓಡಿಸಿದರು. ಆಮೇಲೆ ತಂಗಿ ಹಾಡಿಲ್ಲ, ರಂಗದ ಮೇಲೂ ಇಲ್ಲ, ಮನೆಯಲ್ಲೂ ಇಲ್ಲ. ಅದೂ ಅವರಿಗೆ ಇನ್ನೂ ಗೊತ್ತಾಗಿಲ್ಲ.