ಭಾವನ ಹೊಸ ಪೆಟ್ಟಿಗೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಜಾದೂ ಸಾಮಾನುಗಳನ್ನೆಲ್ಲ ಮನೆಯಲ್ಲೇ ಕಟ್ಟುವ ಮನುಷ್ಯ. ಆ ಮನೆಗೆ ಹೋಗಿ ನೆಮ್ಮದಿಯಾಗಿ ಕೂತು ಬಂದವರನ್ನು ನಾನಂತೂ ಕಂಡಿಲ್ಲ. ಬಟ್ಟೆ ಕಪಾಟಿನ ಬಾಗಿಲು ತೆಗೆದರೆ ಹಿಂಬದಿಯೂ ತೆರೆದುಕೊಂಡು ಅಡುಗೆಮನೆ ಕಾಣುತ್ತದೆ. ಊಟದ ಮೇಜಿನ ನಡುವೆ ತಲೆ ತೂರುವಷ್ಟು ತೂತು. ಮೇಲೆ ಹಾಸಿದ ಬಟ್ಟೆಯನ್ನು ನಂಬಿ ನಾನಿಟ್ಟ ಹಾಲಿನ ಪಾತ್ರೆ ಮಾಯವಾದದ್ದೇ ಈವರೆಗಿನ ಅವರ ಅತ್ಯುತ್ತಮ ಜಾದೂ. ಬಚ್ಚಲಮನೆಯ ಕನ್ನಡಿ ಯಾವುದೋ ಪೆಟ್ಟಿಗೆಯ ಹೊಟ್ಟೆ ಸೇರಿದೆ, ಆದ್ದರಿಂದ ಅಲ್ಲಿ ಉಳಿದುಕೊಂಡವರು ಚಮಚದಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆದುಕೊಳ್ಳಬೇಕು. ಜಾದೂವಿನ ಗುಟ್ಟು ಬಯಲಾಯಿತು ಎಂದರೆ ಒಪ್ಪುವ ಆಸಾಮಿಯೇ ಭಾವ? "ನೀನು ನಿಂತಿರೋ ಜಾಗ ಸರಿಯಿಲ್ಲ ಕಣೋ, ಸ್ವಲ್ಪ ಈ ಕಡೆ ಬಾ!" ಎಂದು ನೋಡುವವನನ್ನೇ ದಬ್ಬುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಗೋಡೆಗೆ ಹಲ್ಲಿಯಂತೆ ಅಂಟಿಕೊಂಡು ನೋಡಿದರೂ ಪೆಟ್ಟಿಗೆಯೊಳಗಿನ ಅಕ್ಕನ ಕಾಲು ಕಂಡೇ ಕಾಣುತ್ತದೆ. ಅವಳೋ, ಮದುವೆಯಾದಾಗಿನಿಂದ, ಅಂದರೆ ಮೂವತ್ತು ವರ್ಷಗಳಿಂದ, ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಮಂಡಿ ಮಡಚಿ ಅಡಗಿಕೊಂಡು, ಇವರ ಗರಗಸಕ್ಕೆ ಎರಡು ತುಂಡಾಗುತ್ತಲೇ ಇದ್ದಾಳೆ. ಮೊನ್ನೆ ಹೊಸ ಪೆಟ್ಟಿಗೆ ನೋಡಿ ನನ್ನ ತಾಳ್ಮೆಯೇ ಕೆಟ್ಟಿತು: ಎಮ್ಮೆ ಮಲಗುವಷ್ಟು ದೊಡ್ಡದು, ಒಳಗೆ ನಾವೆಲ್ಲ ಹುಡುಕಿ ಹುಡುಕಿ ಸಾಕಾಗಿದ್ದ ಸೋಫಾದ ಮೆತ್ತೆ. "ಏನ್ ಭಾವ ಇದು? ಇಷ್ಟು ದೊಡ್ಡದು ಮಾಡಿದ್ರೆ ಅಕ್ಕ ಎಲ್ಲಿ ಅಡಗಿದ್ದಾಳೆ ಅಂತ ಕುರುಡನಿಗೂ ಗೊತ್ತಾಗುತ್ತಲ್ಲ!" ಎಂದು ರೇಗಿದೆ. ಈ ಸಲ ಅವರು ನನ್ನನ್ನು ಯಾವ ಕಡೆಗೂ ದಬ್ಬಲಿಲ್ಲ. ಮೆತ್ತೆಯನ್ನೊಮ್ಮೆ ಒತ್ತಿ ನೋಡಿ, "ಗೊತ್ತಾಗ್ಲಿ ಬಿಡೋ," ಅಂದರು, "ಅವಳಿಗೆ ಈಗ ಮಂಡಿ ಮಡಚೋಕಾಗಲ್ಲ."