ಡ್ಯೂಟಿ ಹೊತ್ತಿನ ಸ್ಟೋ ರಿಪೇರಿ

ರಾವೂರಿನ ಕಲ್ಲುಪಾಲಿಶ್ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ದೇವಿಂದ್ರಪ್ಪನಷ್ಟು ನಿಯತ್ತಿನ ಫಿಟ್ಟರ್ ಇನ್ನೊಬ್ಬನಿರಲಿಲ್ಲ. ಕೆಲಸ ಶುರುವಾಗುವ ಭೋಂಗಾ ಕೂಗುವ ಮೊದಲೇ ಬಂದು ನಿಲ್ಲುತ್ತಿದ್ದ. ಮಗಳ ಲಗ್ನದ ಮಾತಿಗೆಂದು ನಾಲವಾರದ ಬೀಗರು ಗೇಟಿಗೇ ಬಂದಾಗಲೂ, ಕೆಲಸದ ಹೊತ್ತೆಂದು ಅವರನ್ನು ಸಂಜೆಯವರೆಗೆ ಕೂರಿಸಿದ್ದ. ಇದಕ್ಕಾಗಿ ಅವನನ್ನು ಯಾರೂ ಹೊಗಳಲಿಲ್ಲ.

ಹೊಗಳಿಸಿಕೊಳ್ಳುತ್ತಿದ್ದವನು ಪಕ್ಕದ ಬೆಂಚಿನ ಭೀಮಶಾ. ಕಾರ್ಖಾನೆಯ ಮೆಷಿನ್ ಬದಿಗಿಟ್ಟು ಮಂದಿಯ ಲಾಟೀನು, ಸೈಕಲ್ಲು, ಸ್ಟೋ ರಿಪೇರಿ ಮಾಡಿಕೊಡುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಅವನು ಓಣಿಯಲ್ಲಿ ಹೊರಟರೆ ಮನೆಮನೆಯಿಂದ, "ಭೀಮಶಾ ಕಾಕಾ, ಚಾ ಕುಡದು ಹೋಗ್ರಿ" ಎಂಬ ಕರೆ. ಜೊತೆಗೇ ನಡೆಯುತ್ತಿದ್ದ ದೇವಿಂದ್ರಪ್ಪ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅವನ ಹೊಟ್ಟೆ ಉರಿಯುತ್ತಿತ್ತು.

ಎಪ್ಪತ್ತೆರಡರ ಬೇಸಿಗೆಯಲ್ಲಿ ಒಂದು ದಿನ ಭೀಮಶಾನ ಬೆಂಚಿನ ಮೇಲೆ ತಗ್ಗು ಬಿದ್ದ ಹಿತ್ತಾಳೆ ಸ್ಟೋ ಕಂಡಿತು. ತನ್ನ ಮನೆಯದೇ!

"ಇದು ಯಾರು ಕೊಟ್ಟಿದ್ದು?"

"ವೈನಿ ಕಳಿಸ್ಯಾರ, ಅಣ್ಣ. ಹವಾ ನಿಂದ್ರವಲ್ದು ಅಂದ್ರು."

ಸಂಜೆ ಮನೆಗೆ ಹೋದವನೇ ಹೆಂಡತಿಯ ಮೇಲೆ ಹರಿಹಾಯ್ದ. "ಮನ್ಯಾಗ ಫಿಟ್ಟರ್ ಇದ್ದೀನಿ. ಅವನಿಗಿ ಯಾಕ ಕೊಟ್ಟಿ?"

ಸುಂದರಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಡ್ಯೂಟ್ಯಾಗ ಆಗಲ್ಲ ಅಂತೀರಿ, ಮನಿಗಿ ಬಂದ್ರ ದಣದೀನಿ ಅಂತೀರಿ. ಅವರು ನಕ್ಕೋತ ಮಾಡಿಕೊಡ್ತಾರ."

ಆ 'ನಕ್ಕೋತ' ಅವನಿಗೆ ಮುಳ್ಳಿನಂತೆ ನಾಟಿತು. ಮರುದಿನ ಫೋರ್‌ಮನ್ ಬಂದೇಅಲಿ ಸಾಹೇಬರ ಮುಂದೆ ನಿಂತ.

"ಪಗಾರ ಕಾರ್ಖಾನಿದು, ಕೆಲಸ ಊರ ಮಂದೀದು. ಇದು ಸರಿ ಏನ್ರಿ ಸಾಹೇಬ್ರ?"

"ಸರಿ ಅಲ್ಲ," ಎಂದರು ಅವರು. "ಆದ್ರ ಅಂವ ಇಷ್ಟು ವರ್ಷದಿಂದ ನಿನ್ನ ಮಗ್ಗಲದಾಗೇ ಮಾಡಾಕತ್ತಾನ. ಇವತ್ತ ಯಾಕ ಹೇಳಾಕತ್ತಿ?"

ದೂರು ಬಂದ ಮೇಲೆ ಸಾಹೇಬರೂ ಸುಮ್ಮನಿರುವಂತಿರಲಿಲ್ಲ. ಭೀಮಶಾನನ್ನು ಒಂದು ವಾರ ಪಗಾರವಿಲ್ಲದೆ ಮನೆಗೆ ಕಳಿಸಿದರು. ಹೋಗುವಾಗ ಭೀಮಶಾ ಅರ್ಧ ಬಿಚ್ಚಿದ ಸ್ಟೋವನ್ನು ತಂದು ದೇವಿಂದ್ರಪ್ಪನ ಮುಂದಿಟ್ಟ. "ವಾಶರ್ ಒಂದು ಹಾಕೋದು ಉಳದದ, ಅಣ್ಣ. ನೀವೇ ಹಾಕಿಬಿಡ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ದೇವಿಂದ್ರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ವಾರ ಕಳೆದು ಬಂದ ಭೀಮಶಾ ಡ್ಯೂಟಿಯಲ್ಲಿ ಮಂದಿಯ ಸಾಮಾನು ಮುಟ್ಟಲಿಲ್ಲ. ಸಂಜೆ ತನ್ನ ಮನೆಯ ಕಟ್ಟೆಯ ಮೇಲೆ ಕೂತು ರಿಪೇರಿ ಮಾಡತೊಡಗಿದ. ಮೊದಲಿಗಿಂತ ಹೆಚ್ಚು ಮಂದಿ ಸೇರಿದರು, ಮೊದಲಿಗಿಂತ ಹೆಚ್ಚು ನಗು ಕೇಳಿಸಿತು. ಎದುರು ಸಾಲಿನ ತನ್ನ ಬಾಗಿಲಲ್ಲಿ ಕೂತು ದೇವಿಂದ್ರಪ್ಪ ನೋಡುತ್ತಿದ್ದ. ಈಗ ಅದು ಭೀಮಶಾನ ಸ್ವಂತ ಹೊತ್ತು. ದೂರು ಹೇಳಲು ಏನೂ ಉಳಿದಿರಲಿಲ್ಲ. ಆದರೂ ಹೊಟ್ಟೆಯ ಉರಿ ಆರಲಿಲ್ಲ. ಕಾರ್ಖಾನೆಯ ಹೊತ್ತು ಹಾಳಾಯಿತೆಂದು ತಾನು ಎಂದೂ ಉರಿದಿರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಒಂದು ಸಂಜೆ ಪಕ್ಕದ ಮನೆಯ ಸಾಬಮ್ಮ ಲಾಟೀನು ಹಿಡಿದು ಬಂದಳು. "ಅಲ್ಲಿ ಭಾಳ ಗದ್ದಲ ಅದ, ಅಣ್ಣ. ನೀವರ ನೋಡ್ತೀರೇನ್ರಿ?"

ಅಲ್ಲಿ ಗದ್ದಲವಿದ್ದುದಕ್ಕೇ ತಾನು ನೆನಪಾದೆ ಎಂಬುದು ಚುಚ್ಚಿತು. ಆದರೂ ಅವನು ಒಳಗೆ ಹೋಗಿ ಲಾಟೀನು ಬಿಚ್ಚಲು ಪಕ್ಕಡ್ ತಂದ.

"ಕುಂದ್ರಿ," ಎಂದ.