ಪಾಯೇಯಾದ ತಳ

ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಡಚ್ ಊರು ಬಾಡ್‌ಹೂವೆಡಾರ್ಪ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಸ್ಪೇನಿನವರು. ಹುಟ್ಟಿದ್ದು ವಲೆನ್ಸಿಯಾದ ಹತ್ತಿರ, ಭತ್ತದ ಗದ್ದೆಗಳ ನಡುವಿನ ಹಳ್ಳಿಯಲ್ಲಿ. ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ನನ್ನನ್ನೂ ಹೆಂಡತಿಯನ್ನೂ ಪಾಯೇಯಾ ಊಟಕ್ಕೆ ಕರೆದರು.

ಹಿತ್ತಲಿನ ಒಲೆಯ ಮೇಲೆ ಸೈಕಲ್ ಚಕ್ರದಷ್ಟು ಅಗಲದ, ಆಳವೇ ಇಲ್ಲದ ಬಾಣಲೆ. ಪಾಯೇಯಾ ಎಂದರೆ ಆ ಬಾಣಲೆಯ ಹೆಸರೇ ಅಂತೆ. ಅನ್ನಕ್ಕೆ ಆ ಹೆಸರು ಬಂದದ್ದು ಆಮೇಲೆ. ಗದ್ದೆ ಕೆಲಸದವರು ಮಧ್ಯಾಹ್ನ ಸೌದೆ ಒಟ್ಟಿ, ಅಕ್ಕಿಗೆ ಹುರುಳಿಕಾಯಿ, ಮೊಲ, ಬಸವನಹುಳು, ಕೈಗೆ ಸಿಕ್ಕಿದ್ದನ್ನು ಹಾಕಿ ಬೇಯಿಸುತ್ತಿದ್ದರಂತೆ. ಕಡಲ ಕಡೆಯವರದು ಮೀನಿನ ಸಾರಿನಲ್ಲಿ. ಇನ್ನೂ ದಕ್ಷಿಣಕ್ಕೆ ಹೋದರೆ ಒಣಮೆಣಸಿನಕಾಯಿ ಹುರಿದು ಹಾಕುತ್ತಾರೆ. ತಲೆಯ ಮೇಲೆ ವಿಮಾನ ದಾಟುವವರೆಗೆ ಮಾತು ತಡೆದು, "ಮಾಂಸ, ಮೀನು ಎರಡನ್ನೂ ಬೆರೆಸೋದು ಪ್ರವಾಸಿಗಳಿಗೆ ಮಾತ್ರ," ಎಂದು ನಕ್ಕರು. ನಮಗಾಗಿ ಅವತ್ತು ಬರೀ ತರಕಾರಿ ಹಾಕಿದ್ದರು.

ಮೇಲಿನ ಅನ್ನವೆಲ್ಲ ಖಾಲಿಯಾದ ಮೇಲೆ ಅಜ್ಜಿ ಒಳಗೆ ಹೋದರು. ಬಾಣಲೆಯ ತಳದಲ್ಲಿ ಅನ್ನ ಕಂದುಬಣ್ಣವಾಗಿ ಅಂಟಿತ್ತು. ಪಾಪ, ಮಾತಿನ ಭರದಲ್ಲಿ ಸೀಯಿಸಿಬಿಟ್ಟಿದ್ದಾರೆ ಅಂದುಕೊಂಡೆ. ಸಹಾಯವಾಗಲಿ ಎಂದು ಕೆರೆದು ಕಸದ ಚೀಲಕ್ಕೆ ಹಾಕಿ, ಬಾಣಲೆಗೆ ನೀರು ಬಿಟ್ಟೆ.

ಅಜ್ಜಿ ಮೂರು ಚಮಚ ಹಿಡಿದು ಹೊರಗೆ ಬಂದರು. ನೀರು ನೋಡಿ ನಿಂತರು.

"ನಾವೆಲ್ಲ ಕಾಯೋದೇ ಆ ತಳಕ್ಕೆ," ಎಂದು ಮೆಲ್ಲಗೆ ಹೇಳಿದರು.

ತಪ್ಪಾಯಿತು ಅನ್ನಬಹುದಿತ್ತು. "ನಮ್ಮ ಕಡೆ ತಳ ಹಿಡಿದದ್ದನ್ನ ತಿನ್ನಲ್ಲ, ಎಸೀತೀವಿ," ಎಂದೆ. ಹಸಿ ಸುಳ್ಳು. ಮೈಸೂರಿನಲ್ಲಿ ಅಮ್ಮ ಬಿಸಿಬೇಳೆಬಾತಿನ ಪಾತ್ರೆಯ ತಳ ಕೆರೆದು ತುಪ್ಪ ಹಾಕಿ ಕೊಡುತ್ತಿದ್ದ ಒಂದು ತುತ್ತಿಗಾಗಿ ನಾನೂ ತಂಗಿಯೂ ಕೂದಲು ಹಿಡಿದು ಜಗಳವಾಡಿದವರು.

ಮನೆಗೆ ಬಂದ ಮೇಲೆ ಹೆಂಡತಿ, "ಗೊತ್ತಿಲ್ದೆ ಎಸೆದಿದ್ದು ಬಿಡಿ. ಸುಳ್ಳು ಯಾಕೆ ಹೇಳಿದ್ರಿ? ಅದೂ ಊರವರೆಲ್ಲರ ಹೆಸರಲ್ಲಿ!" ಎಂದಳು.

ಎರಡು ವಾರ ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ. ಅವರು ಗೇಟಿನ ಹತ್ತಿರವಿದ್ದರೆ ಸೈಕಲ್ ತೆಗೆಯುವುದನ್ನೇ ಮುಂದೂಡುತ್ತಿದ್ದೆ. ಮೂರನೆಯ ಭಾನುವಾರ ಬೆಲ್ ಒತ್ತಿ, ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

"ನನಗೆ ಅವತ್ತೇ ಗೊತ್ತಿತ್ತು," ಎಂದರು ಅಜ್ಜಿ. "ಅನ್ನ ಉಣ್ಣೋ ಜನ ಎಲ್ಲಾದರೂ ತಳ ಬಿಡ್ತಾರಾ?"

ಬೈದಿದ್ದರೆ ಹಗುರವಾಗುತ್ತಿತ್ತು. ಒಳಗೆ ಕೂರಿಸಿ ಕಾಫಿ ಕೊಟ್ಟರು. ಅದನ್ನು ಕುಡಿದು ಮುಗಿಸುವವರೆಗೂ ಅವರ ಮುಖ ನೋಡುವುದು ನನ್ನಿಂದಾಗಲಿಲ್ಲ.